ಹೆಚ್ಚು ಅಂಕ ಪಡೆದವರೇ ಗೆಲ್ಲುತ್ತಿದ್ದ ಗಾಲ್ಫ್ ಪಂದ್ಯಾವಳಿ ಯಾವುದು, ಅದೇಕೆ ನಿಂತಿತು?

ಪ್ರಶ್ನೆ: ಪಿಲಿಕುಳದ ಗಾಲ್ಫ್ ಮೈದಾನಕ್ಕೆ ಆಗಾಗ ಹೋಗುತ್ತಿರುತ್ತೇನೆ. ಕಡಿಮೆ ಹೊಡೆತಗಳಲ್ಲಿ ಆಟ ಮುಗಿಸಿದವರು ಗೆಲ್ಲುತ್ತಾರೆಂದು ತಿಳಿದಿದೆ. ಆದರೆ ಅಮೆರಿಕದ ವೃತ್ತಿಪರ ಪಂದ್ಯಾವಳಿಯೊಂದರಲ್ಲಿ ಹೆಚ್ಚು ಅಂಕ ಪಡೆದವರಿಗೆ ಪ್ರಶಸ್ತಿ ಸಿಗುತ್ತಿತ್ತಂತೆ. ಅದು ಯಾವುದು? ಈಗೇಕೆ ನಡೆಯುತ್ತಿಲ್ಲ?
– ಓದುಗರೊಬ್ಬರು, ಮಂಗಳೂರು

ಉತ್ತರ: ತಾವು ಕೇಳಿರುವುದು ‘ದಿ ಇಂಟರ್‌ನ್ಯಾಷನಲ್’ ಕುರಿತು. ಉದ್ಯಮಿ ಜ್ಯಾಕ್ ವಿಕರ್ಸ್ ಅವರು ಕೊಲೊರಾಡೊದ ಕ್ಯಾಸಲ್ ಪೈನ್ಸ್ ಕ್ಲಬ್ಬಿನಲ್ಲಿ 1986ರಲ್ಲಿ ಆರಂಭಿಸಿದ ಈ ಪಂದ್ಯಾವಳಿ 2006ರವರೆಗೆ ನಡೆಯಿತು.

ಅಳತೆ ಬದಲಾದರೆ ಆಟವೇ ಬದಲಾಗುತ್ತದೆ ಎಂಬುದನ್ನು ಕರಾವಳಿಯವರಿಗೆ ಬಿಡಿಸಿ ಹೇಳಬೇಕಿಲ್ಲ. ಕಂಬಳದ ಅದೇ ಕರೆಯಲ್ಲಿ ಹಗ್ಗ, ನೇಗಿಲು ವಿಭಾಗದ ಕೋಣಗಳಿಗೆ ಸೆಕೆಂಡುಗಳ ಲೆಕ್ಕವಾದರೆ, ಕನೆಹಲಗೆಗೆ ನೀರು ಆರೂವರೆ ಅಥವಾ ಏಳೂವರೆ ಕೋಲಿನ ನಿಶಾನೆಗೆ ಚಿಮ್ಮಿತೇ ಎಂಬುದೇ ಲೆಕ್ಕ. ಗಾಲ್ಫಿನಲ್ಲಿ ಇಂತಹ ಬೇರೆ ಅಳತೆಯನ್ನು, ಅಂದರೆ ಪ್ರತಿ ಕುಳಿಗೂ ಅಂಕ ಕೊಡುವ ಪದ್ಧತಿಯನ್ನು, ರೂಪಿಸಿದವರು ಇಂಗ್ಲೆಂಡಿನ ವೈದ್ಯ ಫ್ರ್ಯಾಂಕ್ ಸ್ಟೇಬಲ್‌ಫರ್ಡ್. ಒಂದೆರಡು ಕುಳಿಗಳಲ್ಲಿ ಎಡವಿದ ಆಟಗಾರ ಅಲ್ಲಿಗೇ ಆಸೆ ಬಿಡಬಾರದೆಂಬುದು ಅವರ ಉದ್ದೇಶವಾಗಿತ್ತು.

ವಿಕರ್ಸ್ ಅವರ ಪಂದ್ಯಾವಳಿ ಆ ಪದ್ಧತಿಯನ್ನು ಇನ್ನಷ್ಟು ಖಾರವಾಗಿಸಿತು: ಪಾರ್‌ಗೆ (ಕುಳಿಗೆ ನಿಗದಿಯಾದಷ್ಟೇ ಹೊಡೆತ) ಸೊನ್ನೆ, ಬರ್ಡಿಗೆ (ಪಾರ್‌ಗಿಂತ ಒಂದು ಕಡಿಮೆ) 2, ಈಗಲ್‌ಗೆ (ಎರಡು ಕಡಿಮೆ) 5, ಡಬಲ್ ಈಗಲ್‌ಗೆ (ಮೂರು ಕಡಿಮೆ) 8, ಬೋಗಿಗೆ (ಒಂದು ಹೆಚ್ಚು) 1 ಅಂಕ ಕಡಿತ, ಡಬಲ್ ಬೋಗಿ (ಎರಡು ಹೆಚ್ಚು) ಅಥವಾ ಅದಕ್ಕಿಂತ ಕಳಪೆಯಾದರೆ 3 ಕಡಿತ. ಹದಿನೆಂಟು ಕುಳಿಗಳಲ್ಲೂ ಪಾರ್ ಮಾಡಿದ ಎಚ್ಚರಿಕೆಯ ಆಟಗಾರನಿಗೆ ದಕ್ಕುವುದು ಸೊನ್ನೆ. ಆರು ಬರ್ಡಿ, ಆರು ಬೋಗಿ, ಆರು ಪಾರ್ ಮಾಡಿದವನ ಹೊಡೆತಗಳ ಮೊತ್ತವೂ ಅಷ್ಟೇ ಆದರೂ ಅವನ ಖಾತೆಯಲ್ಲಿ 6 ಅಂಕಗಳಿರುತ್ತವೆ. ಹಾಗಾಗಿ ಇಲ್ಲಿ ಧೈರ್ಯಕ್ಕೆ ಬೆಲೆಯಿತ್ತು. ಆರು ಸಾವಿರ ಅಡಿಗೂ ಎತ್ತರದ ತೆಳುಗಾಳಿಯಲ್ಲಿ ಚೆಂಡು ದೂರ ಹಾರುತ್ತಿದ್ದುದೂ ಆ ಧೈರ್ಯಕ್ಕೆ ಒತ್ತಾಸೆಯಾಗಿತ್ತು.

ಹಳೆಯ ಪಟ್ಟಿ ನೋಡುವವರು ಒಂದೆಡೆ ಗಲಿಬಿಲಿಗೊಳ್ಳಬಹುದು. 1992ರಲ್ಲಿ ಬ್ರ್ಯಾಡ್ ಫ್ಯಾಕ್ಸನ್ ಗೆದ್ದದ್ದು 14 ಅಂಕಗಳಿಂದ, ಮರುವರ್ಷ ಫಿಲ್ ಮಿಕಲ್ಸನ್ ಗೆದ್ದದ್ದು 45ರಿಂದ. ಮೊದಲು ಕೊನೆಯ ದಿನದ ಅಂಕಗಳೇ ವಿಜೇತರನ್ನು ನಿರ್ಧರಿಸುತ್ತಿದ್ದವು. 1993ರಿಂದ ನಾಲ್ಕೂ ದಿನಗಳದ್ದನ್ನು ಕೂಡಿಸತೊಡಗಿದರು. 2000ದಲ್ಲಿ ಎರ್ನಿ ಎಲ್ಸ್ ಗಳಿಸಿದ 48 ಅಂಕಗಳನ್ನು ಯಾರೂ ಮೀರಲಿಲ್ಲ.

ಈ ಪದ್ಧತಿಯ ರುಚಿ ತಿಳಿಯಲು ನನ್ನ ಮಟ್ಟಿಗೆ 2002ರ ಕೊನೆಯ ದಿನವೊಂದೇ ಸಾಕು. ಹದಿನೇಳನೆಯ ಕುಳಿಯಲ್ಲಿ ಸ್ಟೀವ್ ಲೋವರಿ ಡಬಲ್ ಈಗಲ್ ಮಾಡಿ ಒಮ್ಮೆಗೇ 8 ಅಂಕ ಬಾಚಿಕೊಂಡರು. ಕೊನೆಯ ಕುಳಿಯಲ್ಲಿ ಒಂದು ಬರ್ಡಿ ಬಿದ್ದಿದ್ದರೆ ಪ್ರಶಸ್ತಿ ಅವರದೇ ಆಗುತ್ತಿತ್ತು; ಬೀಳಲಿಲ್ಲ. ರಿಚ್ ಬೀಮ್ 44–43ರಿಂದ ಗೆದ್ದರು. ಅದೇ ಬೀಮ್ ಅದೇ ತಿಂಗಳು ಟೈಗರ್ ವುಡ್ಸ್ ಅವರನ್ನು ಒಂದು ಹೊಡೆತದಿಂದ ಹಿಂದಿಕ್ಕಿ ಪಿಜಿಎ ಚಾಂಪಿಯನ್‌ಶಿಪ್ ಗೆದ್ದರೆಂಬುದು ಬೇರೆ ಮಾತು.

ಪಂದ್ಯಾವಳಿ ನಿಂತದ್ದಕ್ಕೆ ಆಟದ ಪದ್ಧತಿ ಕಾರಣವಲ್ಲ, ಹಣ ಕಾರಣ. ತನ್ನ ಹೆಸರಿಟ್ಟು ವೆಚ್ಚ ಭರಿಸುವ ಮುಖ್ಯ ಪ್ರಾಯೋಜಕ ಸಂಸ್ಥೆ ಸಿಗಲಿಲ್ಲ. ಟಿವಿ ಪ್ರೇಕ್ಷಕರನ್ನು ಸೆಳೆಯುತ್ತಿದ್ದ ವುಡ್ಸ್ ಕೊನೆಯ ವರ್ಷಗಳಲ್ಲಿ ಅತ್ತ ಸುಳಿಯಲಿಲ್ಲ. 2007ರ ಫೆಬ್ರುವರಿಯಲ್ಲಿ ಪಂದ್ಯಾವಳಿಯನ್ನು ರದ್ದುಪಡಿಸಲಾಯಿತು. ವೇಳಾಪಟ್ಟಿಯಲ್ಲಿ ತೆರವಾದ ಜಾಗಕ್ಕೆ ಬಂದದ್ದು, ವುಡ್ಸ್ ಅವರೇ ಆತಿಥೇಯರಾಗಿದ್ದ ವಾಷಿಂಗ್ಟನ್ ಬಳಿಯ ಹೊಸ ಪಂದ್ಯಾವಳಿ.

ಅಂಕಪದ್ಧತಿಯನ್ನು 2012ರಲ್ಲಿ ನೆವಾಡಾದ ರೀನೋ ಪಂದ್ಯಾವಳಿ ಅಳವಡಿಸಿಕೊಂಡಿತು. ಕ್ಯಾಸಲ್ ಪೈನ್ಸ್‌ಗೆ ಅಮೆರಿಕದ ವೃತ್ತಿಪರ ಗಾಲ್ಫ್ ಸರಣಿಯಾದ ಪಿಜಿಎ ಟೂರ್ ಮರಳಿದ್ದು 2024ರಲ್ಲಿ, ಬಿಎಂಡಬ್ಲ್ಯೂ ಚಾಂಪಿಯನ್‌ಶಿಪ್ಪಿಗಾಗಿ. ಅಲ್ಲಿ ಕೀಗನ್ ಬ್ರ್ಯಾಡ್ಲಿ ಗೆದ್ದದ್ದು ತಾವು ಪಿಲಿಕುಳದಲ್ಲಿ ಎಣಿಸುವ ಅದೇ ಹೊಡೆತಗಳ ಲೆಕ್ಕದಲ್ಲಿ.