ಎಂಜಿನ್ ಜೊತೆ ಏರುವ ಸಿಳ್ಳೆ

ಫೋನನ್ನು ಆಕ್ಸ್ ವೈರಿನಿಂದ ಕಾರಿನ ಸ್ಟೀರಿಯೊಗೆ ಸಿಕ್ಕಿಸಿ ಹಾಡು ಹಾಕಿದರೆ ಸ್ವಚ್ಛವಾಗಿ ಕೇಳುತ್ತದೆ. ಅದೇ ಫೋನಿಗೆ ಕಾರಿನ ಚಾರ್ಜರನ್ನೂ ಚುಚ್ಚಿ ನೋಡಿ. ಎಷ್ಟೋ ಕಾರುಗಳಲ್ಲಿ ಹಾಡಿನ ಹಿಂದೆ ಸಣ್ಣದೊಂದು ಸಿಳ್ಳೆ ಶುರುವಾಗುತ್ತದೆ. ಆಕ್ಸಿಲರೇಟರ್ ಒತ್ತಿದರೆ ಅದರ ಶ್ರುತಿ ಏರುತ್ತದೆ, ಬಿಟ್ಟರೆ ಇಳಿಯುತ್ತದೆ. ಚಾರ್ಜರ್ ಕಿತ್ತ ಕೂಡಲೇ ಮಾಯವಾಗುತ್ತದೆ.

ಇದನ್ನು ಕೇಳಿದವರು ಚಾರ್ಜರ್ ಕಳಪೆ ಎನ್ನುತ್ತಾರೆ, ಇಲ್ಲವೇ ವೈರ್ ಕಳಪೆ ಎನ್ನುತ್ತಾರೆ. ಎರಡನ್ನೂ ಬದಲಾಯಿಸಿ, ಇನ್ನೂ ದುಬಾರಿಯದನ್ನು ತಂದು, ಅದೇ ಸಿಳ್ಳೆಯನ್ನು ಕೇಳುತ್ತಾರೆ. ಚಾರ್ಜರಿನ ಒಳಗಿನ ಸ್ವಿಚಿಂಗ್ ಸರ್ಕ್ಯೂಟಿನಿಂದಲೂ ಸದ್ದು ಬರುವುದುಂಟು. ಆದರೆ ಎಂಜಿನ್ ಎಷ್ಟು ಜೋರಾಗಿ ತಿರುಗುತ್ತಿದೆ ಎಂಬುದು ಆ ಸರ್ಕ್ಯೂಟಿಗೆ ತಿಳಿಯುವುದಿಲ್ಲ. ಎಂಜಿನ್ ಜೊತೆ ಏರಿಳಿಯುವ ಸಿಳ್ಳೆ ಎಂಜಿನ್ನೇ ತಿರುಗಿಸುವ ವಸ್ತುವಿನಿಂದ ಬಂದಿರಬೇಕು. ಆ ವಸ್ತು ಕಾರಿಗೆ ವಿದ್ಯುತ್ ಹುಟ್ಟಿಸಿಕೊಡುವ ಆಲ್ಟರ್ನೇಟರ್.

ಆಲ್ಟರ್ನೇಟರಿನೊಳಗೆ ಹುಟ್ಟುವುದು ಮೂರು ಫೇಸಿನ ಎಸಿ. ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಆರು ಡಯೋಡುಗಳು ಅದನ್ನು ಡಿಸಿಯಾಗಿ ತಿರುಗಿಸುತ್ತವೆ. ಆ ಡಿಸಿ ನುಣುಪಾಗಿರುವುದಿಲ್ಲ. ಒಂದೊಂದು ಅಲೆಗೆ ಆರಾರು ಪುಟ್ಟ ಉಬ್ಬುಗಳು ಅದರ ಮೇಲೆ ಉಳಿದುಬಿಡುತ್ತವೆ. ಎಂಜಿನ್ ನಿಮಿಷಕ್ಕೆ 1000 ಸುತ್ತು ತಿರುಗುತ್ತಿದೆ ಎನ್ನೋಣ. ಪುಲ್ಲಿಗಳ ಗಾತ್ರದ ವ್ಯತ್ಯಾಸದಿಂದ ಆಲ್ಟರ್ನೇಟರ್ ಅದರ ಸುಮಾರು ಮೂರು ಪಟ್ಟು ವೇಗದಲ್ಲಿ, ಅಂದರೆ ಸೆಕೆಂಡಿಗೆ 50 ಸುತ್ತು ತಿರುಗುತ್ತದೆ. ಅದರೊಳಗೆ ತಿರುಗುವ ಭಾಗವಾದ ರೋಟರಿನಲ್ಲಿ ಸಾಮಾನ್ಯವಾಗಿ 12 ಕಾಂತಧ್ರುವಗಳು, ಆರು ಜೋಡಿ. ಸೆಕೆಂಡಿಗೆ 300 ಅಲೆ. ಅಲೆಗೆ ಆರು ಉಬ್ಬಿನಂತೆ 1800 ಹರ್ಟ್ಸ್. ಎಂಜಿನ್ 2000 ಸುತ್ತಿಗೆ ಏರಿದರೆ 3600 ಹರ್ಟ್ಸ್. ಮನುಷ್ಯರ ಕಿವಿ ಅತ್ಯಂತ ಚುರುಕಾಗಿರುವುದು ಸುಮಾರು 2000ದಿಂದ 5000 ಹರ್ಟ್ಸ್‌ವರೆಗೆ. ಬೇರೆಡೆ ಗಮನಕ್ಕೇ ಬಾರದಷ್ಟು ಸಣ್ಣ ಏರಿಳಿತ ಇಲ್ಲಿ ಕಿವಿಗೆ ಚುಚ್ಚುವುದು ಇದೇ ಕಾರಣಕ್ಕೆ.

ಚಾರ್ಜರ್ ಇರಲಿ, ಬಿಡಲಿ, ಆಲ್ಟರ್ನೇಟರ್ ಆ ಉಬ್ಬುಗಳನ್ನು ಹುಟ್ಟಿಸುತ್ತಲೇ ಇರುತ್ತದೆ. ಚಾರ್ಜರ್ ಸಿಕ್ಕಿಸಿದಾಗ ಮಾತ್ರ ಅವು ಹಾಡಿನೊಳಗೆ ಬರುವುದು ಹೇಗೆ? ಉತ್ತರ ಇರುವುದು ‘ಅರ್ತ್’ ಎಂಬ ಪದದಲ್ಲಿ. ವಿದ್ಯುತ್ತಿನ ಬಗ್ಗೆ ಇಷ್ಟು ತಪ್ಪು ಕಲ್ಪನೆ ಹುಟ್ಟಿಸಿದ ಪದ ಇನ್ನೊಂದಿಲ್ಲ ಎಂದು ನನಗನ್ನಿಸುತ್ತದೆ.

ಕಾರು ನಿಂತಿರುವುದು ರಬ್ಬರ್ ಟೈರುಗಳ ಮೇಲೆ. ಅದರ ಅರ್ತಿಗೂ ನೆಲಕ್ಕೂ ಸಂಬಂಧವಿಲ್ಲ. ಬ್ಯಾಟರಿಯ ನೆಗೆಟಿವ್ ತುದಿಯನ್ನು ಬಾಡಿಗೆ ಬಿಗಿದಿರುತ್ತಾರೆ, ಅಷ್ಟೇ. ಪ್ರತಿ ದೀಪಕ್ಕೂ ಮೋಟರಿಗೂ ಕರೆಂಟು ಹೋಗಲೊಂದು ವೈರ್, ಮರಳಲೊಂದು ವೈರ್ ಎಳೆಯುವ ಬದಲು, ಮರಳುವ ದಾರಿಯಾಗಿ ಕಾರಿನ ತಗಡನ್ನೇ ಬಳಸುತ್ತಾರೆ. ಹಾಗಾಗಿ ಬಾಡಿಯೂ ಒಂದು ವೈರೇ. ಅಗಲವಾದ, ದಪ್ಪವಾದ ವೈರ್, ಆದರೂ ವೈರ್. ವಿಜ್ಞಾನಿ ಓಮ್ 1827ರಲ್ಲಿ ಪ್ರಕಟಿಸಿದ ನಿಯಮ ಅದನ್ನೂ ಬಿಡುವುದಿಲ್ಲ. ಕರೆಂಟು ಹರಿದಲ್ಲಿ ವೋಲ್ಟೇಜ್ ಇಳಿಯಲೇಬೇಕು. ಬಾಡಿಯ ಎರಡು ಜಾಗಗಳ ನಡುವೆ ಬರೀ ಒಂದು ಮಿಲಿಓಮ್ ಪ್ರತಿರೋಧವಿದ್ದು, 40 ಆಂಪಿಯರ್ ಹರಿದರೆ, ನಡುವೆ 40 ಮಿಲಿವೋಲ್ಟ್ ವ್ಯತ್ಯಾಸ. ‘ಬಾಡಿ ಎಂದರೆ ಎಲ್ಲೆಲ್ಲೂ ಸೊನ್ನೆ ವೋಲ್ಟ್’ ಎಂಬ ನಂಬಿಕೆ ಇಲ್ಲಿಗೆ ಬಿದ್ದುಹೋಯಿತು.

ಹೊಳೆಯನ್ನು ನೆನೆಯಿರಿ. ದೂರದಿಂದ ನೀರು ಮಟ್ಟಸವಾಗಿ ಕಾಣುತ್ತದೆ. ಆದರೆ ಹರಿಯುತ್ತಿದೆ ಎಂದರೆ ಮೇಲಿನ ತುದಿ ಎತ್ತರದಲ್ಲಿದೆ, ಕೆಳಗಿನ ತುದಿ ತಗ್ಗಿನಲ್ಲಿದೆ. ಈಗ ಅದರ ಮೇಲೆ ಎರಡು ದೋಣಿ ಬಿಡಿ. ಒಂದರಲ್ಲಿ ಕೂತವನು ಕೋಲೊಂದನ್ನು ಎತ್ತಿ ಹಿಡಿದು ‘ನನ್ನ ದೋಣಿಯಿಂದ ಮೂರು ಅಡಿ’ ಎನ್ನುತ್ತಾನೆ. ಇನ್ನೊಂದರಲ್ಲಿ ಕೂತವನು ಅದೇ ಕೋಲನ್ನು ತನ್ನ ದೋಣಿಯಿಂದ ಅಳೆಯುತ್ತಾನೆ. ಹೊಳೆಯಲ್ಲಿ ಅಲೆಯೆದ್ದಾಗಲೆಲ್ಲ ಅವನ ಅಳತೆ ಕುಣಿಯುತ್ತದೆ. ಕೋಲು ಕುಣಿಯುತ್ತಿದೆ ಎಂದೇ ಅವನು ತಿಳಿಯುತ್ತಾನೆ. ಇಲ್ಲವೇ ಹೀಗೆ ನೋಡಿ: ಸ್ಕೇಲಿಟ್ಟು ಗೆರೆ ಎಳೆಯುತ್ತಿದ್ದೀರಿ, ಯಾರೋ ಕೆಳಗಿನ ಹಾಳೆಯನ್ನು ಅಲ್ಲಾಡಿಸುತ್ತಿದ್ದಾರೆ. ಕೈ ನೆಟ್ಟಗೇ ಸಾಗಿದೆ, ಹಾಳೆಯ ಮೇಲೆ ಬಿದ್ದದ್ದು ಮಾತ್ರ ಅಲೆ.

ಸದ್ದು ಹೆಚ್ಚಿಸಲು ಕೆಲವರು ಡಿಕ್ಕಿಯಲ್ಲಿ ಆಂಪ್ಲಿಫೈಯರ್ ಕೂರಿಸುತ್ತಾರೆ. ಅಂಥ ಕಾರಿನಲ್ಲಿ ಸ್ಟೀರಿಯೊ ಮೊದಲ ದೋಣಿ, ಆಂಪ್ಲಿಫೈಯರ್ ಎರಡನೆಯದು. ಎರಡಕ್ಕೂ ಬೇರೆ ಬೇರೆ ಜಾಗದಲ್ಲಿ ಅರ್ತ್. ನಡುವೆ ಹಾಡು ಒಯ್ಯುವ ಆರ್‌ಸಿಎ ಕೇಬಲಿನ ಹೊರಕವಚ ಎರಡೂ ಅರ್ತುಗಳನ್ನು ಜೋಡಿಸಿ, ಬಾಡಿಯ ಜೊತೆ ಸೇರಿ ಒಂದು ಉಂಗುರವನ್ನೇ ಕಟ್ಟಿಬಿಡುತ್ತದೆ. ಬಾಡಿಯಲ್ಲಿ ಹರಿಯುವ ಕರೆಂಟಿನ ಒಂದು ಪಾಲು ಆ ಕವಚದಲ್ಲೂ ಹರಿಯುತ್ತದೆ. ಕವಚದ ಎರಡು ತುದಿಗಳ ವ್ಯತ್ಯಾಸ ಹಾಡಿಗೆ ಕೂಡಿಕೊಳ್ಳುತ್ತದೆ. ಇದೇ ಗ್ರೌಂಡ್ ಲೂಪ್. ಬ್ಯಾಟರಿಯ ಮೇಲೆ ಓಡುವ ಫೋನಿಗೆ ಆಕ್ಸ್ ವೈರ್ ಬಿಟ್ಟರೆ ಅರ್ತಿಗೆ ಬೇರೆ ದಾರಿಯಿಲ್ಲ, ಉಂಗುರವೂ ಇಲ್ಲ. ಚಾರ್ಜರ್ ಚುಚ್ಚಿದಾಗ ಉಂಗುರ ಮುಚ್ಚಿತು.

ಆ 40 ಮಿಲಿವೋಲ್ಟಿನಲ್ಲಿ ಇಪ್ಪತ್ತರಲ್ಲಿ ಒಂದು ಪಾಲು ಮಾತ್ರ ಆಲ್ಟರ್ನೇಟರಿನ ಉಬ್ಬು ಎಂದಿಟ್ಟುಕೊಂಡರೂ 2 ಮಿಲಿವೋಲ್ಟ್ ಆಯಿತು. ಸ್ಟೀರಿಯೊ ಕೊಡುವ ಅತಿ ಜೋರಿನ ಸಿಗ್ನಲ್ 2 ವೋಲ್ಟ್ ಇದ್ದರೆ, ಅದಕ್ಕಿಂತ 60 ಡೆಸಿಬಲ್, ಅಂದರೆ ವೋಲ್ಟೇಜಿನಲ್ಲಿ ಸಾವಿರ ಪಟ್ಟು, ಮೆಲ್ಲಗಿನ ದನಿಯೂ 2 ಮಿಲಿವೋಲ್ಟೇ. ಹಾಡಿನ ಮೆಲುದನಿಗೂ ಸಿಳ್ಳೆಗೂ ಒಂದೇ ಎತ್ತರ!

ಕಾರಿನೊಳಗಿನ ಈ ಕಾಳಗ ಹಳೆಯದು. ವಿಜ್ಞಾನಿ ಹೈನ್‌ರಿಕ್ ಹರ್ಟ್ಸ್ 1887ರಲ್ಲಿ ರೇಡಿಯೊ ಅಲೆಗಳನ್ನು ಹುಟ್ಟಿಸಿದ್ದು ಎರಡು ಲೋಹದ ತುದಿಗಳ ನಡುವೆ ಕಿಡಿ ಹಾರಿಸಿ. ಪೆಟ್ರೋಲ್ ಎಂಜಿನ್ನಿನ ಸ್ಪಾರ್ಕ್ ಪ್ಲಗ್ ಮಾಡುವುದೂ ಅದನ್ನೇ. ಅಂದರೆ ಪ್ರತಿ ಸಿಲಿಂಡರಿನ ತಲೆಯ ಮೇಲೊಂದು ರೇಡಿಯೊ ಟ್ರಾನ್ಸ್‌ಮಿಟರ್. ಅಮೆರಿಕದ ಉದ್ಯಮಿ ಪಾಲ್ ಗ್ಯಾಲ್ವಿನ್ 1930ರಲ್ಲಿ ಕಾರಿನೊಳಗೆ ರೇಡಿಯೊ ಇಟ್ಟು ಮಾರಲು ಹೊರಟಾಗ ಎದುರಾದ ದೊಡ್ಡ ಅಡ್ಡಿಗಳಲ್ಲಿ ಈ ಚಟಚಟ ಸದ್ದೂ ಒಂದು. ಪ್ಲಗ್ ವೈರುಗಳಿಗೆ ಪ್ರತಿರೋಧಕ ಸೇರಿಸಿ ಅದನ್ನು ಅಡಗಿಸಿದರು; ಇಂದಿನ ಪ್ಲಗ್ಗುಗಳ ಒಳಗೂ ಸಾವಿರಾರು ಓಮ್‌ನ ಪ್ರತಿರೋಧಕ ಇರುವುದು ಆ ಪಾಠದಿಂದಲೇ. ಆ ರೇಡಿಯೊಗೆ ಇಟ್ಟ ಹೆಸರು ಮೋಟೊರೋಲಾ. ಅದಕ್ಕಾಗಿ ದುಡಿದವರಲ್ಲಿ ಎಲ್ಮರ್ ವೇವರಿಂಗ್ ಒಬ್ಬರು. ಮುಂದೆ ಕಾರುಗಳಿಗೆ ಆಲ್ಟರ್ನೇಟರ್ ತರುವ ಕೆಲಸದಲ್ಲೂ ಅವರ ಕೈಯಿತ್ತು. ಕಿಡಿಯ ಸದ್ದಿನ ಜೊತೆ ಗುದ್ದಾಡಿದವರೇ ಸಿಳ್ಳೆಯ ತೌರುಮನೆಯನ್ನೂ ಕಟ್ಟಲು ನೆರವಾದರು ಎಂಬುದು ನನಗೆ ಎಂದೂ ಹಳತಾಗದ ಬೆರಗು.

ಬೆರಗಿನ ಪಕ್ಕದಲ್ಲೇ ಬೇಸರವೂ ಇದೆ. ಆಡಿಯೊ ಲೋಕದಲ್ಲಿ ಮಂತ್ರದ ತಾಯಿತದಂತೆ ಬಿಕರಿಯಾಗುವ ವಸ್ತುಗಳು ಒಂದೆರಡಲ್ಲ. ಚಿನ್ನದ ಲೇಪದ ಪ್ಲಗ್ಗಿಗೆ ತುಕ್ಕು ಹಿಡಿಯುವುದಿಲ್ಲ, ನಿಜ. ಆದರೆ ಅದು ಉಂಗುರವನ್ನು ಮುರಿಯುವುದಿಲ್ಲ. ದೊಡ್ಡ ಕೆಪಾಸಿಟರ್ ಪವರ್ ವೈರಿನ ಏರಿಳಿತವನ್ನು ಒಂದಿಷ್ಟು ತಗ್ಗಿಸೀತು, ಕವಚದಲ್ಲಿ ಸುತ್ತುವ ಕರೆಂಟಿನ ತಂಟೆಗೆ ಹೋಗುವುದಿಲ್ಲ. ಗ್ರೌಂಡ್ ಲೂಪ್ ಐಸೊಲೇಟರ್ ಎಂಬ ಪುಟ್ಟ ಡಬ್ಬಿ ನಿಜಕ್ಕೂ ಕೆಲಸ ಮಾಡುತ್ತದೆ, ಏಕೆಂದರೆ ಅದರೊಳಗಿನ ಟ್ರಾನ್ಸ್‌ಫಾರ್ಮರ್ ಉಂಗುರವನ್ನು ಕತ್ತರಿಸುತ್ತದೆ. ಆದರೆ ಅಗ್ಗದ ಪುಟ್ಟ ಟ್ರಾನ್ಸ್‌ಫಾರ್ಮರ್ ಮಂದ್ರದ ಸ್ವರಗಳನ್ನು ಸೊರಗಿಸುತ್ತದೆ. ಫೋನಿಗಾದರೆ ಸಾಕು, ಆಂಪ್ಲಿಫೈಯರಿಗೆ ನಾನದನ್ನು ಹಾಕಲಾರೆ.

ಹುಡುಕುವ ಕೆಲಸಕ್ಕೆ ಮೊದಲು ಬೇಕಾದ್ದು ಕಿವಿ. ಎಂಜಿನ್ ಜೊತೆ ಶ್ರುತಿ ಏರಿದರೆ ಆಲ್ಟರ್ನೇಟರ್, ಎಂಜಿನ್ ಜೊತೆ ಚಟಚಟ ಚುರುಕಾದರೆ ಇಗ್ನಿಷನ್, ಅಂದರೆ ಪ್ಲಗ್ಗಿನ ಕಿಡಿ. ಎಂಜಿನ್ ನಿಂತಿದ್ದರೂ ಒಂದೇ ಸಮನೆ ಸುಯ್ ಎನ್ನುತ್ತಿದ್ದರೆ ಆಂಪ್ಲಿಫೈಯರಿನ ಗೇನ್ ಅತಿಯಾಗಿದೆ. ಗೇನ್ ಇರುವುದು ಸ್ಟೀರಿಯೊದ ಸಿಗ್ನಲಿಗೆ ಹೊಂದಿಸಲು, ಅದು ಇನ್ನೊಂದು ವಾಲ್ಯೂಮ್ ಅಲ್ಲ. ಬಳಿಕ ಆಂಪ್ಲಿಫೈಯರಿನಿಂದ ಆರ್‌ಸಿಎ ಕೇಬಲ್ ಕಿತ್ತುಬಿಡಿ. ಸಿಳ್ಳೆ ಉಳಿದರೆ ತೊಂದರೆ ಆಂಪ್ಲಿಫೈಯರಿನಲ್ಲಿ ಅಥವಾ ಅದರ ಪವರ್ ಮತ್ತು ಸ್ಪೀಕರ್ ವೈರಿನಲ್ಲಿ. ಹೋದರೆ, ಚಾರ್ಜರಿಗೆ ಸಿಕ್ಕಿಸದ ಫೋನೊಂದನ್ನು ಸಣ್ಣ ಕೇಬಲಿನಿಂದ ನೇರ ಆಂಪ್ಲಿಫೈಯರಿಗೆ ಜೋಡಿಸಿ ಹಾಡು ಹಾಕಿ. ಆಗಲೂ ಸ್ವಚ್ಛವಾಗಿದ್ದರೆ ಉಳಿದದ್ದು ಸ್ಟೀರಿಯೊ ಮತ್ತು ಉದ್ದದ ಕೇಬಲ್, ಬಹುಪಾಲು ಅರ್ತಿನ ಜಗಳ.

ಅರ್ತ್ ಪರೀಕ್ಷೆಯಲ್ಲೇ ಹೆಚ್ಚಿನವರು ಎಡವುತ್ತಾರೆ. ಮಲ್ಟಿಮೀಟರನ್ನು ಬೀಪ್ ಹೊಡೆಯುವ ಕಡೆ ತಿರುಗಿಸಿ, ಬೀಪ್ ಬಂದರೆ ‘ಅರ್ತ್ ಸರಿಯಿದೆ’ ಎಂದುಬಿಡುತ್ತಾರೆ. ಹಲವು ಓಮ್ ಪ್ರತಿರೋಧವಿದ್ದರೂ ಆ ಬೀಪ್ ಬರುತ್ತದೆ. ನಮಗೆ ಬೇಕಾದ್ದು ಮಿಲಿಓಮ್‌ಗಳ ಲೆಕ್ಕ. ಪ್ರತಿರೋಧವನ್ನು ಬಿಟ್ಟು, ಅದು ಉಂಟುಮಾಡುವ ವೋಲ್ಟೇಜನ್ನೇ ಅಳೆಯಿರಿ. ಎಂಜಿನ್ ಚಾಲೂ ಇರಲಿ, ಹೆಡ್‌ಲೈಟ್ ಉರಿಯುತ್ತಿರಲಿ, ಹಾಡೂ ಜೋರಾಗಿರಲಿ. ಮೀಟರಿನ ಒಂದು ತುದಿ ಬ್ಯಾಟರಿಯ ನೆಗೆಟಿವಿಗೆ, ಇನ್ನೊಂದು ಆಂಪ್ಲಿಫೈಯರಿನ ಅರ್ತ್ ತಿರುಪಿಗೆ, ಮಿಲಿವೋಲ್ಟ್ ಅಳತೆಯಲ್ಲಿ. ಬಂದ ಸಂಖ್ಯೆಯನ್ನು ಬರೆದಿಟ್ಟುಕೊಂಡು ಅರ್ತ್ ಬೋಲ್ಟ್ ಬಿಚ್ಚಿ, ಅದರಡಿಯ ಬಣ್ಣವನ್ನು ಹೊಳೆಯುವ ಲೋಹ ಕಾಣುವವರೆಗೆ ಕೆರೆದು, ಪವರ್ ವೈರಿನಷ್ಟೇ ದಪ್ಪದ ಗಿಡ್ಡ ವೈರಿನಿಂದ ಮತ್ತೆ ಬಿಗಿದು ಅಳೆಯಿರಿ. ಸಂಖ್ಯೆ ಇಳಿಯದಿದ್ದರೆ ಬ್ಯಾಟರಿಯಿಂದ ಬಾಡಿಗೆ, ಎಂಜಿನ್ನಿನಿಂದ ಬಾಡಿಗೆ ಬಿಗಿದ ಪಟ್ಟಿಗಳ ತುದಿಗಳನ್ನು ನೋಡಿ. ಅಲ್ಲಿ ಹಿಡಿದ ತುಕ್ಕು ಹೊಳೆಯ ಕೆಳತುದಿಯಲ್ಲೇ ಬಿದ್ದ ಬಂಡೆ.