40 ಸಾವಿರ ಮೈಲಿ ಮಾತ್ರ ಓಡಿರೋ ರೋಲ್ಸ್ ರಾಯ್ಸ್ ಕಾರ್ನೀಶ್, ತಗೋಬಹುದಾ?

ಪ್ರಶ್ನೆ: ನಾನು ಬರ್ಮಿಂಗ್‌ಹ್ಯಾಮ್ ಹತ್ರ ಇದೀನಿ. ಇಲ್ಲೊಬ್ರು 1979ರ ರೋಲ್ಸ್ ರಾಯ್ಸ್ ಕಾರ್ನೀಶ್ ಕನ್ವರ್ಟಿಬಲ್ ಮಾರ್ತಿದಾರೆ. 40 ಸಾವಿರ ಮೈಲಿ ಮಾತ್ರ ಓಡಿದೆ, ಯಾವಾಗ್ಲೂ ಗ್ಯಾರೇಜ್ ಒಳಗೇ ಇತ್ತು, ತುಂಬಾ ಚೆನ್ನಾಗಿ ನೋಡ್ಕೊಂಡಿದೀವಿ ಅಂತ ಜಾಹೀರಾತಲ್ಲಿ ಹಾಕಿದಾರೆ. ಫೋಟೋದಲ್ಲಿ ಅದ್ಭುತವಾಗಿದೆ. ತಗೋಬಹುದಾ?

ಉತ್ತರ: ತಗೋಬಹುದು, ಆದ್ರೆ ನೀವು ಯಾವ ಮೂರು ಕಾರಣಕ್ಕೆ ಇದು ಒಳ್ಳೆ ಗಾಡಿ ಅಂದ್ಕೊಂಡಿದೀರೋ ಆ ಮೂರೂ ಈ ಕಾರಿನ ವಿಷಯದಲ್ಲಿ ಒಳ್ಳೆ ಗಾಡಿ ಅನ್ನೋಕೆ ಪುರಾವೆ ಅಲ್ಲ. ಕಮ್ಮಿ ಮೈಲಿ, ಗ್ಯಾರೇಜ್ ಒಳಗೆ ನಿಂತಿದ್ದು, ಫಳಫಳ ಹೊಳೆಯೋ ಪೇಂಟು. 80 ಸಾವಿರ ಮೈಲಿ ಓಡಿ, ಪ್ರತಿ ವರ್ಷ ಸರ್ವೀಸ್ ಆಗಿ, ಬಿಲ್ಲುಗಳ ದಪ್ಪ ಫೈಲ್ ಇರೋ ಕಾರ್ನೀಶ್ ಪಕ್ಕದಲ್ಲಿದ್ರೆ ನಾನಂತೂ ಕಣ್ಣು ಮುಚ್ಚಿ ಅದನ್ನೇ ತಗೋತೀನಿ. ಯಾಕೆ ಅಂತ ಹೇಳ್ತೀನಿ, ಸ್ವಲ್ಪ ಉದ್ದ ಆಗತ್ತೆ.

ಮೊದಲು ಈ ಕಾರು ಹುಟ್ಟಿದ್ದು ಹೇಗೆ ಅಂತ ಗೊತ್ತಿರ್ಲಿ. 1971ರ ಫೆಬ್ರವರಿಯಲ್ಲಿ ರೋಲ್ಸ್ ರಾಯ್ಸ್ ಕಂಪನಿ ದಿವಾಳಿ ಆಯ್ತು, ಕಾರಿಂದ ಅಲ್ಲ, ಆರ್‌ಬಿ211 ಅನ್ನೋ ವಿಮಾನದ ಎಂಜಿನ್ ತಯಾರಿಸೋಕೆ ಹೋಗಿ ದುಡ್ಡೆಲ್ಲ ಕರಗಿ ಹೋಗಿತ್ತು. ಅದಾಗಿ ಒಂದೇ ತಿಂಗಳಿಗೆ, ಮಾರ್ಚ್‌ನಲ್ಲಿ, ಕಾರ್ನೀಶ್ ಬಿಡುಗಡೆ ಆಯ್ತು. ಅಂಥ ಹೊತ್ತಲ್ಲಿ ಬಂದ ಕಾರು 1995ರ ತನಕ ತಯಾರಾಗ್ತಾನೇ ಇತ್ತು ಅಂದ್ರೆ ಅದರ ಮೇಲೆ ಜನಕ್ಕೆ ಎಷ್ಟು ಪ್ರೀತಿ ಇತ್ತು ಅಂತ ಲೆಕ್ಕ ಹಾಕಿ. ಕಾರ್ನೀಶ್ ಅಂದ್ರೆ ಫ್ರಾನ್ಸಿನ ರಿವಿಯೆರಾ ಕಡಲತೀರದಲ್ಲಿ ಬೆಟ್ಟದ ಅಂಚಲ್ಲೇ ಸಾಗೋ ರಸ್ತೆ. ಟಾಪ್ ಇಳಿಸ್ಕೊಂಡು ಅಂಥ ರಸ್ತೇಲಿ ಹೋಗೋಕೆ ಅಂತಾನೇ ಮಾಡಿದ ಗಾಡಿ. ಬಾಡಿ ಕೆಲಸ ನಡೀತಿದ್ದಿದ್ದು ಲಂಡನ್‌ನಲ್ಲಿ, ಮಲ್ಲಿನರ್ ಪಾರ್ಕ್ ವಾರ್ಡ್ ಅನ್ನೋ ಕೋಚ್‌ಬಿಲ್ಡರ್ ಶಾಪಲ್ಲಿ, ಬಹುಪಾಲು ಕೈಕೆಲಸ, ಒಂದು ಕಾರಿಗೆ ತಿಂಗಳುಗಟ್ಟಲೆ ಹಿಡೀತಿತ್ತು. ಎಂಜಿನ್ 6.75 ಲೀಟರಿನ ವಿ8, ಗೇರ್‌ಬಾಕ್ಸ್ ಜನರಲ್ ಮೋಟರ್ಸ್‌ದು, ಮೂರು ಗೇರಿನ ಆಟೋಮ್ಯಾಟಿಕ್. ಇವೆರಡೂ ಗಟ್ಟಿಮುಟ್ಟು. ಎಂಜಿನ್ ಬ್ಲಾಕ್ ಮಾತ್ರ ಅಲ್ಯೂಮಿನಿಯಂದು, ಎಂಜಿನ್ ತಂಪಿಡೋ ನೀರಿಗೆ ಬೆರೆಸೋ ಆಂಟಿಫ್ರೀಜ್ ಸರಿಯಾಗಿ ಬದಲಾಯಿಸದೇ ಇದ್ರೆ ಲೈನರ್, ಅಂದ್ರೆ ಸಿಲಿಂಡರಿನ ಒಳಗಿನ ಕೊಳವೆ, ಅದರ ಹತ್ರ ಸವೆದು ಬ್ಲಾಕ್ ಪಕ್ಕದಲ್ಲಿರೋ ಸಣ್ಣ ತೂತುಗಳಿಂದ ನೀರು ಜಿನುಗುತ್ತೆ, ಅಲ್ಲಿ ಕಲೆ ಇದೆಯಾ ಅಂತ ಟಾರ್ಚ್ ಬಿಟ್ಟು ನೋಡಿ.

ಈಗ ನಿಜವಾದ ವಿಷಯಕ್ಕೆ ಬರ್ತೀನಿ. ಬ್ರೇಕು.

ಈ ಕಾರಲ್ಲಿ ನಮ್ಮ ಸಾಮಾನ್ಯ ಕಾರುಗಳ ಥರ ಪೆಡಲ್ ಒತ್ತೋ ಬಲಾನ ಹೆಚ್ಚಿಸಿ ಕೊಡೋ ವ್ಯಾಕ್ಯೂಮ್ ಬೂಸ್ಟರ್ ಇಲ್ಲ. ಸಿಟ್ರೊಯೆನ್ ಕಂಪನಿಯಿಂದ ಲೈಸೆನ್ಸ್ ತಗೊಂಡು ಮಾಡಿದ ಹೈಡ್ರಾಲಿಕ್ ಸಿಸ್ಟಮ್ ಇದೆ. ಎಂಜಿನ್ ತಿರುಗಿದಾಗ ಎರಡು ಪಂಪು ಬ್ರೇಕ್ ಆಯಿಲನ್ನ ಎರಡು ಗೋಲಗಳ ಒಳಗೆ ತುಂಬ್ತವೆ, ಒಂದೊಂದು ಗೋಲದಲ್ಲೂ ನೈಟ್ರೋಜನ್ ಗ್ಯಾಸ್ ಇರತ್ತೆ, ಅದು ಒತ್ತಿಕೊಂಡು ಕೂತು ಪ್ರೆಷರ್ ಕಾಪಾಡತ್ತೆ. ಎಷ್ಟು ಪ್ರೆಷರ್ ಅಂದ್ರೆ ಸುಮಾರು 2,500 ಪಿಎಸ್‌ಐ, ನಮ್ಮ ಟಯರಿಗೆ ನಾವು ಹಾಕ್ಸೋದು 30 ಚಿಲ್ಲರೆ. ಬ್ರೇಕೂ ಅದರಿಂದಲೇ, ಹಿಂದೆ ಜನ ಕೂತಾಗ ಗಾಡಿ ತಗ್ಗದೆ ಮಟ್ಟವಾಗಿ ನಿಲ್ಲೋದೂ ಅದರಿಂದಲೇ. ಇಷ್ಟು ಪ್ರೆಷರ್ ತಡೆಯೋದು ರಬ್ಬರ್ ಸೀಲು, ರಬ್ಬರ್ ಹೋಸು. ರಬ್ಬರಿಗೆ ಮೈಲಿ ಲೆಕ್ಕ ಗೊತ್ತಿಲ್ಲ, ವರ್ಷದ ಲೆಕ್ಕ ಮಾತ್ರ ಗೊತ್ತು. ನಿಂತಲ್ಲೇ ನಿಂತ ಕಾರಲ್ಲಿ ಸೀಲು ಒಣಗತ್ತೆ, ಬ್ರೇಕ್ ಆಯಿಲು ಗಾಳಿಯಲ್ಲಿರೋ ತೇವ ಎಳ್ಕೊಂಡು ಒಳಗಿಂದ ತುಕ್ಕು ಹಿಡಿಸತ್ತೆ. ಹಂಗಾಗಿ ಗ್ಯಾರೇಜಲ್ಲಿ ಜೋಪಾನವಾಗಿ ಇಟ್ಟಿದ್ವಿ ಅನ್ನೋ ಮಾತು ಕೇಳಿದ್ರೆ ನಂಗೆ ಭಯಾನೇ ಆಗೋದು.

ಇದನ್ನ ನೀವೇ ಟೆಸ್ಟ್ ಮಾಡಬಹುದು, ಒಂದು ಪೈಸೆ ಖರ್ಚಿಲ್ಲ. ಎಂಜಿನ್ ಸ್ಟಾರ್ಟ್ ಮಾಡಿ, ಡ್ಯಾಶ್‌ಬೋರ್ಡ್ ಮೇಲಿರೋ ಬ್ರೇಕ್ ಪ್ರೆಷರಿನ ಎರಡು ವಾರ್ನಿಂಗ್ ಲೈಟೂ ಆರೋ ತನಕ ಕಾಯಿರಿ, ಆಮೇಲೂ ಕೆಲವು ನಿಮಿಷ ಓಡೋಕೆ ಬಿಡಿ. ಎಂಜಿನ್ ಆಫ್ ಮಾಡಿ ಇಗ್ನಿಷನ್ ಮಾತ್ರ ಆನ್ ಮಾಡಿ. ಈಗ ಬ್ರೇಕ್ ಪೆಡಲ್ ಒತ್ತುತ್ತಾ ಎಣಿಸ್ತಾ ಹೋಗಿ, ಲೈಟ್ ಹತ್ತೋ ತನಕ. ಗೋಲಗಳು ಚೆನ್ನಾಗಿದ್ರೆ 40ರ ಆಸುಪಾಸು ಅಥವಾ ಅದಕ್ಕೂ ಮೇಲೆ ಹೋಗತ್ತೆ. ಹತ್ತರ ಒಳಗೇ ಲೈಟ್ ಬಂತು ಅಂದ್ರೆ ಗೋಲದಲ್ಲಿ ಗ್ಯಾಸ್ ಮುಗಿದಿದೆ, ರೀಚಾರ್ಜ್ ಆಗ್ಬೇಕು. ಅದೊಂದೇ ಆದ್ರೆ ದೊಡ್ಡ ಖರ್ಚಲ್ಲ, ಆದ್ರೆ ಅದನ್ನೇ ಗಮನಿಸದೇ ಇರೋ ಮಾಲೀಕರು ಬೇರೆ ಏನೇನು ಬಿಟ್ಟಿದಾರೋ ಅನ್ನೋದು ಪ್ರಶ್ನೆ. ನಾನೇ ಒಂದ್ಸಲ ಇಂಥದ್ದೇ ಒಂದು ಕಾರು ನೋಡೋಕೆ ಹೋಗಿದ್ದೆ, ಲೆದರು ಹೊಸದರ ಥರ ಇತ್ತು, ಮರದ ಕೆಲಸದಲ್ಲಿ ಒಂದು ಗೀರಿಲ್ಲ, ಪೆಡಲ್ ಮೂರನೇ ಸಲ ಒತ್ತೋ ಹೊತ್ತಿಗೆ ಎರಡೂ ಲೈಟು ಕೆಂಪಗೆ ಉರೀತಿತ್ತು. ಮಾರೋರಿಗೆ ಪಾಪ ನಿಜವಾಗ್ಲೂ ಗೊತ್ತಿರ್ಲಿಲ್ಲ, ತಿಂಗಳಿಗೊಮ್ಮೆ ಒರೆಸಿ ಇಡ್ತಿದ್ರು ಅಷ್ಟೆ.

ಇನ್ನೊಂದು, ಆಯಿಲು ಯಾವ್ದು ಅಂತ ಕೇಳಿ. 1979ರ ಕಾರಿಗೆ ಆರ್‌ಆರ್363 ಅನ್ನೋ ಬ್ರೇಕ್ ಫ್ಲೂಯಿಡ್ಡೇ ಹಾಕ್ಬೇಕು. ಆಮೇಲೆ ಬಂದ ಕಾರ್ನೀಶ್‌ಗಳಿಗೆ ಮಿನರಲ್ ಆಯಿಲ್. ಒಂದಕ್ಕೆ ಹಾಕೋದನ್ನ ಇನ್ನೊಂದಕ್ಕೆ ಹಾಕಿದ್ರೆ ಒಳಗಿರೋ ಒಂದೊಂದು ಸೀಲೂ ಹಾಳು, ಇಡೀ ಸಿಸ್ಟಮ್ ಬಿಚ್ಚಿ ಮತ್ತೆ ಕಟ್ಟಬೇಕು. ಮಾರೋರು ಈ ಪ್ರಶ್ನೆಗೆ ತಡವರಿಸಿದ್ರೆ ಅಲ್ಲೇ ಅರ್ಥ ಮಾಡ್ಕೊಳ್ಳಿ.

ಎರಡನೇದು ತುಕ್ಕು. ಮೇಲೆ ಥಳುಕು ಒಳಗೆ ಹುಳುಕು ಅನ್ನೋ ಗಾದೆ ಈ ಕಾರಿಗೇ ಹೇಳಿದ ಹಾಗಿದೆ. ಬಾಗಿಲು, ಬಾನೆಟ್, ಡಿಕ್ಕಿ ಮುಚ್ಚಳ ಅಲ್ಯೂಮಿನಿಯಂ, ಮಿಕ್ಕಿದ್ದೆಲ್ಲ ಉಕ್ಕು. ಹಂಗಾಗಿ ಪುಟ್ಟಿ ಹಚ್ಚಿದಾರಾ ಅಂತ ನೋಡೋಕೆ ಆಯಸ್ಕಾಂತ ತಗೊಂಡು ಹೋದ್ರೆ ಬಾಗಿಲಿಗೆ ಅಂಟಲಿಲ್ಲ ಅಂತ ಗಾಬರಿ ಬೀಳಬೇಡಿ, ಹಿಂದಿನ ಚಕ್ರದ ಕಮಾನಿಗೆ, ಮುಂದಿನ ಚಕ್ರದ ಹಿಂಭಾಗಕ್ಕೆ, ಬಾಗಿಲ ಕೆಳಗಿನ ಸಿಲ್‌ಗೆ ಹಿಡಿದು ನೋಡಿ. ಸಿಲ್ ಬಹಳ ಮುಖ್ಯ, ಯಾಕಂದ್ರೆ ಕನ್ವರ್ಟಿಬಲ್‌ಗೆ ತಲೆ ಮೇಲೆ ಉಕ್ಕಿನ ಚಾವಣಿ ಇಲ್ಲ, ಬಾಡಿ ಬಾಗದ ಹಾಗೆ ಹಿಡಿಯೋ ಭಾರ ಬಹುಪಾಲು ಸಿಲ್ ಮೇಲೇ ಬೀಳೋದು. ಸಿಲ್ ಒಳಗೆ ತಿಂದು ಹೋಗಿದ್ರೆ ಬಾಗಿಲು ತೆಗೆದು ಹಾಕುವಾಗ ಗೊತ್ತಾಗತ್ತೆ, ಸುತ್ತಲಿನ ಸಂದು ಒಂದು ಕಡೆ ಅಗಲ ಒಂದು ಕಡೆ ಕಿರಿದು ಇರತ್ತೆ, ಬಾಗಿಲು ಎತ್ತಿ ಹಾಕ್ಬೇಕಾಗತ್ತೆ. ಗಾಡಿ ಕೆಳಗೆ ಹೊಸದಾಗಿ ಕಪ್ಪಗೆ ಬಳಿದಿದ್ರೂ ಅನುಮಾನ ಪಡಿ. ಕ್ಯಾಲಿಫೋರ್ನಿಯಾ ಕಡೆಯಿಂದ ವಾಪಸ್ ಬಂದ ಕಾರುಗಳಲ್ಲಿ ತುಕ್ಕು ಕಮ್ಮಿ, ಬದಲಿಗೆ ಬಿಸಿಲಿಗೆ ಲೆದರೂ ಮರವೂ ಒಣಗಿರತ್ತೆ. ನಿಮ್ಮದು ಮೊದಲಿಂದ ಇಲ್ಲಿಯದೇ ಅಂತ ಹೇಳ್ತಿದ್ರೆ ಛಾಸಿ ನಂಬರ್ ಡಿಆರ್‌ಎಚ್ ಅಂತ ಶುರು ಆಗ್ಬೇಕು, ಡಿ ಅಂದ್ರೆ ಕನ್ವರ್ಟಿಬಲ್, ಆರ್ ಅಂದ್ರೆ ರೋಲ್ಸ್ ರಾಯ್ಸ್, ಎಚ್ ಅಂದ್ರೆ ಬಲಗಡೆ ಸ್ಟಿಯರಿಂಗಿನ ಗಾಡಿ.

ಟಾಪನ್ನ ಎರಡು ಮೂರು ಸಲ ಪೂರ್ತಿ ಇಳಿಸಿ ಏರಿಸಿ ನೋಡಿ. ಬಟ್ಟೆ, ಲೈನಿಂಗ್ ಎಲ್ಲ ಕೈಯಲ್ಲೇ ಹೊಲಿದು ಕೂರಿಸೋದು, ಹೊಸದು ಹಾಕಿಸೋದಾದ್ರೆ ದೊಡ್ಡ ಬಿಲ್ ಬರತ್ತೆ. ಲೆದರು, ಮರ, ಕಾರ್ಪೆಟ್ ಹಳೇದಾಗಿದ್ರೆ ಬಿಡಿ, ಅದು ಪ್ರಾಣಕ್ಕೆ ಕುತ್ತಲ್ಲ, ನಿಧಾನಕ್ಕೆ ಮಾಡಿಸ್ಕೋಬಹುದು.

ಕಾಗದಪತ್ರದ ವಿಷಯ. 40 ವರ್ಷ ದಾಟಿದ ಕಾರಿಗೆ ಬ್ರಿಟನ್‌ನಲ್ಲಿ ರೋಡ್ ಟ್ಯಾಕ್ಸ್ ಕಟ್ಟಬೇಕಿಲ್ಲ, ಹೊಗೆ ಜಾಸ್ತಿ ಉಗುಳೋ ಗಾಡಿಗಳಿಗೆ ಲಂಡನ್‌ನಲ್ಲಿ ಹಾಕೋ ಯುಲೆಜ್ ಶುಲ್ಕ ಇಲ್ಲ, ದೊಡ್ಡ ಬದಲಾವಣೆ ಮಾಡಿರದಿದ್ರೆ ವರ್ಷಕ್ಕೊಮ್ಮೆ ಮಾಡಿಸೋ ಎಂಒಟಿ ಅನ್ನೋ ಫಿಟ್ನೆಸ್ ಟೆಸ್ಟ್ ಕೂಡ ಕಡ್ಡಾಯ ಅಲ್ಲ. ಕೇಳೋಕೆ ಖುಷಿ, ಆದ್ರೆ ಕೊನೇದೇ ಅಪಾಯ. 2019ರಿಂದೀಚೆಗೆ ಈ ಗಾಡಿಯ ಬ್ರೇಕನ್ನ ಹೊರಗಿನೋರು ಯಾರೂ ಮುಟ್ಟಿ ನೋಡಿರದೇ ಇರಬಹುದು, ಅದು ಕಾನೂನಿಗೆ ಸರಿಯೇ. ಹಂಗಾಗಿ ಮಾರೋರನ್ನ ಹೊಸದಾಗಿ ಎಂಒಟಿ ಮಾಡಿಸಿ ಕೊಡಿ ಅಂತ ಕೇಳಿ, ಇಷ್ಟು ದುಡ್ಡಿನ ವ್ಯವಹಾರದಲ್ಲಿ ಅದು ಏನೂ ಅಲ್ಲ. ಹಳೇ ಎಂಒಟಿಗಳು ಸರ್ಕಾರದ ಸೈಟಲ್ಲಿ ಗಾಡಿ ನಂಬರ್ ಹಾಕಿದ್ರೆ ಪುಕ್ಕಟೆ ಸಿಗತ್ತೆ, 2005ರಿಂದ ಈಚೆಗಿನವು. ಅದರಲ್ಲಿ ಪ್ರತಿ ಟೆಸ್ಟಿನ ದಿನ ಮೀಟರ್ ಎಷ್ಟಿತ್ತು ಅಂತಾನೂ ಇರತ್ತೆ. ವರ್ಷಕ್ಕೆ 800, 1,000 ಮೈಲಿ ಅಂತ ಏರ್ತಾ ಬಂದಿದ್ರೆ ನಂಗೆ ಸಮಾಧಾನ. ಐದಾರು ವರ್ಷ ಮೀಟರ್ ಅಲ್ಲೇ ನಿಂತಿದ್ರೆ ಆ ವರ್ಷಗಳ ಆಸುಪಾಸಲ್ಲಿ ಹೈಡ್ರಾಲಿಕ್ ರಿಪೇರಿಯ ಬಿಲ್ ಇದೆಯಾ ಅಂತ ಫೈಲಲ್ಲಿ ಹುಡುಕಿ. ನಾರ್ಥಾಂಪ್ಟನ್‌ಶೈರ್‌ನ ಹಂಟ್ ಹೌಸ್‌ನಲ್ಲಿ ರೋಲ್ಸ್ ರಾಯ್ಸ್ ಎಂತೂಸಿಯಾಸ್ಟ್ಸ್ ಕ್ಲಬ್ ಇದೆ, ಹಳೇ ಕಾರುಗಳ ಫ್ಯಾಕ್ಟರಿ ದಾಖಲೆಗಳು ಅಲ್ಲಿವೆ, ನಿಮ್ಮ ಛಾಸಿ ನಂಬರಿನ ಬಗ್ಗೆ ವಿಚಾರಿಸಿ. ಈ ಕಾರುಗಳನ್ನೇ ರಿಪೇರಿ ಮಾಡೋ ಮೆಕ್ಯಾನಿಕ್ ಒಬ್ಬರನ್ನ ಕರ್ಕೊಂಡು ಹೋಗಿ, ಗಾಡಿ ಲಿಫ್ಟ್ ಮೇಲೆ ಹತ್ತಿಸಿ ನೋಡಲಿ. ಅವರ ಫೀಸಿಗೆ ಹಿಂದೆ ಮುಂದೆ ನೋಡೋದು ಆನೆ ಕೊಂಡು ಅಂಕುಶಕ್ಕೆ ಚೌಕಾಸಿ ಮಾಡಿದ ಹಾಗೆ.

ಪೆಟ್ರೋಲ್ ಗ್ಯಾಲನ್ನಿಗೆ 10ರಿಂದ 13 ಮೈಲಿ, ಅಂದ್ರೆ ಲೀಟರಿಗೆ ನಾಲ್ಕು ಕಿಲೋಮೀಟರ್ ಅಂದ್ಕೊಳ್ಳಿ. 2021ರಿಂದ ಬಂಕಲ್ಲಿ ಸಾಮಾನ್ಯವಾಗಿ ಸಿಗೋದು ಇ10, ಅಂದ್ರೆ 10 ಪರ್ಸೆಂಟ್ ತನಕ ಎಥನಾಲ್ ಬೆರೆಸಿದ ಪೆಟ್ರೋಲ್, ಅದು ಬೇಡ, ಸೂಪರ್ ಅನ್ಲೆಡೆಡ್ ಇ5 ಹಾಕಿಸಿ, ಎಥನಾಲ್ ಹೆಚ್ಚಾದ್ರೆ ಹಳೇ ರಬ್ಬರ್ ಪೈಪ್ ತಡೆಯಲ್ಲ. ಇನ್ಶೂರೆನ್ಸ್ ಮಾಡಿಸುವಾಗ ಕಾರಿನ ಬೆಲೆ ಇಷ್ಟು ಅಂತ ಮೊದಲೇ ಒಪ್ಪಿ ಬರೆಯೋ ಅಗ್ರೀಡ್ ವ್ಯಾಲ್ಯೂ ಪಾಲಿಸಿಯೇ ತಗೊಳ್ಳಿ. ತಗೊಂಡ ಮೇಲೆ ವಾರಕ್ಕೊಮ್ಮೆ, ಹೋಗ್ಲಿ ಹದಿನೈದು ದಿನಕ್ಕೊಮ್ಮೆ ಆದ್ರೂ ಮೂವತ್ತು ಮೈಲಿ ಓಡಿಸಿ.

ನೋಡೋಕೆ ಹೋಗೋ ಹಿಂದಿನ ದಿನ ಮಾರೋರಿಗೆ ಫೋನ್ ಮಾಡಿ, ನಾನು ಬರೋ ತನಕ ಎಂಜಿನ್ ಸ್ಟಾರ್ಟ್ ಮಾಡ್ಬೇಡಿ ಅಂತ ಹೇಳಿ. ಹೋದ ತಕ್ಷಣ ಬಾನೆಟ್ ಮೇಲೆ ಕೈ ಇಟ್ಟು ನೋಡಿ. ತಣ್ಣಗಿದ್ರೆ ಕೀ ಈಸ್ಕೊಂಡು ನೀವೇ ಸ್ಟಾರ್ಟ್ ಮಾಡಿ, ಆ ಎರಡು ಲೈಟು ಆರೋಕೆ ಎಷ್ಟು ಹೊತ್ತು ತಗೊಳ್ತು ಅಂತ ಎಣಿಸಿ, ಆಮೇಲೆ ಪೆಡಲ್ ಲೆಕ್ಕ. ಆ ನಂಬರ್ ಎಷ್ಟು ಬಂತು ಅಂತ ನಂಗೂ ತಿಳಿಸಿ.