ಮಾತಿಗೆ ಮೊದಲೇ ಮುಚ್ಚಳಿಕೆ ಕೇಳಿದರೆ

ಪಾಲು ವಿಭಾಗದ ಕೇಸುಗಳಲ್ಲಿ ರಾಜಿ ಮಾಡಿಸುವುದು ನನ್ನ ಕೆಲಸ. ಅಣ್ಣ ಬಂದು ಕೂರುವ ಮೊದಲೇ ಹೇಳುತ್ತಾನೆ: ‘ಬಾವಿ ನನ್ನದು ಅಂತ ತಮ್ಮ ಬರೆದುಕೊಡಲಿ ಸಾರ್, ಆಮೇಲೆ ಮಾತು.’ ಜಗಳವೇ ಬಾವಿಯದ್ದು ಅಲ್ವಾ? ಬರೆದುಕೊಟ್ಟ ಮೇಲೆ ತಮ್ಮನಿಗೆ ನನ್ನ ಹತ್ತಿರ ಏನು ಕೆಲಸ?

2006ರ ಜನವರಿಯಲ್ಲಿ ಪ್ಯಾಲೆಸ್ಟೀನಿನ ಶಾಸನಸಭೆಯ 132 ಸೀಟುಗಳಲ್ಲಿ ಹಮಾಸ್ 74 ಗೆದ್ದಿತು. ಸಿಕ್ಕ ಮತ ಮಾತ್ರ ಶೇ 44ರಷ್ಟು, ಎದುರಾಳಿ ಫತಾಗೆ ಶೇ 41. ಕ್ಷೇತ್ರಗಳಲ್ಲಿ ಫತಾದವರೇ ಒಬ್ಬರ ಮೇಲೊಬ್ಬರು ನಿಂತು ಮತ ಒಡೆದುಕೊಂಡಿದ್ದರು. ನಮ್ಮ ಬಂಡಾಯ ಅಭ್ಯರ್ಥಿಗಳ ಕಥೆಯೇ.

ಅಮೆರಿಕ, ಯುರೋಪಿಯನ್ ಒಕ್ಕೂಟ, ರಷ್ಯಾ, ವಿಶ್ವಸಂಸ್ಥೆ ಸೇರಿ, ಗೆದ್ದ ಹಮಾಸ್ ಜತೆ ವ್ಯವಹರಿಸಬೇಕಾದರೆ ಎಂದು ಮೂರು ಷರತ್ತು ಹಾಕಿದವು. ಹಿಂಸೆ ಬಿಡಬೇಕು, ಇಸ್ರೇಲನ್ನು ಮಾನ್ಯ ಮಾಡಬೇಕು, ಹಳೆಯ ಒಪ್ಪಂದಗಳನ್ನು ಒಪ್ಪಬೇಕು. ಮೊದಲನೆಯದು ನ್ಯಾಯವೇ. ಬಸ್ಸುಗಳಲ್ಲಿ ಆತ್ಮಾಹುತಿ ಬಾಂಬ್ ಸಿಡಿಸಿದ ಗುಂಪು ಅದು. ದೊಣ್ಣೆ ಹಿಡಿದು ಬಂದವನನ್ನು ನಾನೂ ಒಳಗೆ ಬಿಡುವುದಿಲ್ಲ. ಉಳಿದೆರಡು ಮಾತ್ರ ಬಾವಿ, ಮಾತಾಡಿ ತೀರಬೇಕಾದ ಜಗಳವೇ ಅವು.

ಉತ್ತರ ಐರ್ಲೆಂಡಿನಲ್ಲಿ ಬ್ರಿಟನ್ ಇದೇ ಪಾಠವನ್ನು ಪೆಟ್ಟು ತಿಂದು ಕಲಿಯಿತು. ಬ್ರಿಟಿಷ್ ಆಳ್ವಿಕೆಯ ವಿರುದ್ಧ ಬಂದೂಕು ಹಿಡಿದ ಗುಂಪು ಐಆರ್‌ಎ, ಅದರ ರಾಜಕೀಯ ಪಕ್ಷ ಷಿನ್ ಫೇನ್. ಪಕ್ಷದ ಆಗಿನ ನಾಯಕ ಜೆರ್ರಿ ಆಡಮ್ಸ್ 1983ರಲ್ಲಿ ಸಂಸತ್ತಿಗೆ ಗೆದ್ದವರು. 1988ರಿಂದ 1994ರವರೆಗೆ ಆ ಪಕ್ಷದವರ ದನಿಯನ್ನು ಟೀವಿಯಲ್ಲಿ ಕೇಳಿಸುವಂತಿರಲಿಲ್ಲ. ತೆರೆಯ ಮೇಲೆ ತುಟಿ ಆಡಮ್ಸ್‌ದು, ಮಾತು ಯಾರೋ ನಟನದು! ಇತ್ತ ಸರ್ಕಾರ ಹಿಂಬಾಗಿಲಲ್ಲಿ ಐಆರ್‌ಎ ಜತೆ ಸಂಪರ್ಕ ಇಟ್ಟುಕೊಂಡಿತ್ತು. ಇಂಥವರ ಜತೆ ಕೂತು ಮಾತಾಡುವುದೆಂದರೆ ಹೊಟ್ಟೆ ತೊಳಸುತ್ತದೆ ಎಂದು ಪ್ರಧಾನಿ ಜಾನ್ ಮೇಜರ್ 1993ರ ನವೆಂಬರಿನಲ್ಲಿ ಸಂಸತ್ತಿನಲ್ಲಿ ಹೇಳಿದರು. ಅದೇ ತಿಂಗಳು ಪತ್ರಿಕೆಯೊಂದು ಗುಟ್ಟು ರಟ್ಟು ಮಾಡಿತು.

1994ರಲ್ಲಿ ಐಆರ್‌ಎ ಕದನವಿರಾಮ ಸಾರಿತು. ಮಾತುಕತೆಗೆ ಮೊದಲು ಒಂದಿಷ್ಟಾದರೂ ಬಂದೂಕು ಒಪ್ಪಿಸಿ ಎಂದು ಬ್ರಿಟನ್ ಹಟ ಹಿಡಿಯಿತು. 1996ರ ಫೆಬ್ರುವರಿಯಲ್ಲಿ ಲಂಡನ್ನಿನ ಡಾಕ್‌ಲ್ಯಾಂಡ್ಸ್‌ನಲ್ಲಿ ಐಆರ್‌ಎ ಬಾಂಬ್ ಸಿಡಿದು ಇಬ್ಬರು ಸತ್ತರು. ಮುಂದಿನ ವರ್ಷ ಮತ್ತೆ ಕದನವಿರಾಮ. ಈ ಸಲ ಮೊದಲೇ ಬಂದೂಕು ಕೇಳದೆ, ಹಿಂಸೆ ಬಿಡುವ ಮಾತಷ್ಟೇ ಪಡೆದು ಷಿನ್ ಫೇನನ್ನು ಒಳಗೆ ಕರೆದರು. 1998ರ ಏಪ್ರಿಲ್‌ನಲ್ಲಿ ಒಪ್ಪಂದವಾಯಿತು. ಬಂದೂಕುಗಳು ಪೂರ್ತಿ ಹೋದದ್ದು 2005ರಲ್ಲಿ.

ಹಮಾಸ್ ಐಆರ್‌ಎ ಅಲ್ಲ, ಒಪ್ಪುತ್ತೇನೆ. ಮಾತಾಡಿದ್ದರೆ ಬದಲಾಗುತ್ತಿತ್ತು ಅಂತ ಸುಮ್ನೆ ಹೇಳಲಾರೆ. ಮುರಿದುಬಿದ್ದ ರಾಜಿಗಳು ನನ್ನ ಕಡತದಲ್ಲೂ ಜಾಸ್ತಿ ಇವೆ. ಆದರೆ ಮಾತಿಲ್ಲ ಎಂದವರೂ ಮಾತಾಡದೆ ಉಳಿಯಲಿಲ್ಲ. 2006ರಲ್ಲಿ ಗಾಜಾಕ್ಕೆ ಸೆರೆಹೋದ ತನ್ನ ಸೈನಿಕ ಗಿಲಾದ್ ಶಾಲಿತ್‌ನನ್ನು ಇಸ್ರೇಲ್ 2011ರಲ್ಲಿ ಬಿಡಿಸಿಕೊಂಡಿತು. ನಡುವೆ ಈಜಿಪ್ಟ್ ಇತ್ತು, ಆಚೆ ಬದಿಗೆ ಕೂತದ್ದು ಹಮಾಸೇ. ಒಬ್ಬನಿಗೆ ಬದಲಾಗಿ ಬಿಟ್ಟ ಕೈದಿಗಳು 1,027.